ಇಬ್ಬರೇ ಸದಸ್ಯರು, ಒಂದು ಮೂಲಭೂತ ಕಾನೂನು: ಗೆಯುಲಾ ಕೋಹೆನ್ ರಾಜಕೀಯದ ಲೆಕ್ಕ

ಪ್ರಶ್ನೆ: ಜೆರುಸಲೇಂ ಇಸ್ರೇಲಿನ ರಾಜಧಾನಿ ಎಂದು ಸಾರಿದ 1980ರ ಕಾನೂನನ್ನು ತಂದವರು ಗೆಯುಲಾ ಕೋಹೆನ್ ಎಂಬ ಮಹಿಳೆ, ಅವರದು ಬರೀ ಮೂರು ಸೀಟಿನ ತೆಹಿಯಾ ಪಕ್ಷ ಎಂದು ಓದಿದೆ. ಅಷ್ಟು ಸಣ್ಣ ಪಕ್ಷ ಅಂಥ ದೊಡ್ಡ ಕಾನೂನು ತಂದದ್ದು ಹೇಗೆ? ಅಷ್ಟು ಪ್ರಭಾವ ಇದ್ದ ಪಕ್ಷ 1992ರಲ್ಲಿ ಒಂದೂ ಸೀಟಿಲ್ಲದೆ ಮುಗಿದುಹೋದದ್ದು ಯಾಕೆ? ಅಲ್ಲಿನ ಸಣ್ಣ ಬಲಪಂಥೀಯ ಪಕ್ಷಗಳು ಸದಾ ಒಡೆಯುತ್ತಾ, ಸೇರುತ್ತಾ ಇರುತ್ತವಲ್ಲ, ಅದರಲ್ಲಿ ಏನಾದರೂ ತರ್ಕ ಇದೆಯಾ?

ಉತ್ತರ: ಮೊದಲು ಒಂದು ಸಣ್ಣ ತಿದ್ದುಪಡಿ. 1980ರ ಜುಲೈನಲ್ಲಿ ಆ ಕಾನೂನು ಪಾಸಾದಾಗ ತೆಹಿಯಾಕ್ಕೆ ಮೂರು ಸೀಟೂ ಇರಲಿಲ್ಲ. ಇದ್ದದ್ದು ಇಬ್ಬರೇ ಸದಸ್ಯರು. ಆ ಇಬ್ಬರೂ ಆಗ ಆಳುತ್ತಿದ್ದ ಬಲಪಂಥೀಯ ಲಿಕುಡ್ ಪಕ್ಷದ ಪಟ್ಟಿಯಿಂದ ಗೆದ್ದು, ಆಮೇಲೆ ಅದನ್ನು ಬಿಟ್ಟು ಬಂದವರು. ಒಬ್ಬರು ಗೆಯುಲಾ ಕೋಹೆನ್, ಇನ್ನೊಬ್ಬರು ಲೇಖಕ ಮೋಶೆ ಶಮೀರ್. ತೆಹಿಯಾ ಸ್ವಂತ ಬಲದಲ್ಲಿ ಮೂರು ಸೀಟು ಗೆದ್ದದ್ದು ಮರುವರ್ಷದ ಚುನಾವಣೆಯಲ್ಲಿ. ಹಾಗಾಗಿ ನಿಮ್ಮ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. 120 ಜನರ ಸದನದಲ್ಲಿ ಇಬ್ಬರು ಇಂಥ ಕೆಲಸ ಹೇಗೆ ಮಾಡಿದರು?

ಇದಕ್ಕೆ ಉತ್ತರ ಸಿಗಬೇಕಾದರೆ ಅವರ ಹಿನ್ನೆಲೆ ಗೊತ್ತಿರಬೇಕು. ಕೋಹೆನ್ ಹುಟ್ಟಿದ್ದು 1925ರಲ್ಲಿ, ಟೆಲ್ ಅವಿವ್‌ನಲ್ಲಿ. ತಂದೆಯ ಕಡೆಯವರು ಯೆಮೆನ್ ಮೂಲದವರು. ಆಗ ಪ್ಯಾಲೆಸ್ತೀನ್ ಬ್ರಿಟಿಷರ ಆಡಳಿತದಲ್ಲಿತ್ತು. ಹದಿಹರೆಯದಲ್ಲೇ, 1942ರಲ್ಲಿ, ಇರ್ಗುನ್ ಎಂಬ ಯಹೂದಿ ಭೂಗತ ಸಂಘಟನೆ ಸೇರಿದರು. ಮರುವರ್ಷ ಅದಕ್ಕಿಂತ ಉಗ್ರವಾದ ಲೆಹಿಗೆ ಹೋದರು. ಬ್ರಿಟಿಷರು ಸ್ಟರ್ನ್ ಗ್ಯಾಂಗ್ ಎಂದು ಕರೆಯುತ್ತಿದ್ದದ್ದು ಇದನ್ನೇ. ಇದು ಬ್ರಿಟಿಷ್ ಅಧಿಕಾರಿಗಳನ್ನು ಗುರಿಯಿಟ್ಟು ಕೊಲ್ಲುತ್ತಿದ್ದ ಗುಂಪು, ಈ ಮಾತನ್ನು ಮೃದು ಮಾಡಿ ಹೇಳುವುದು ಸರಿಯಲ್ಲ. ಕೋಹೆನ್ ಅದರ ಗುಪ್ತ ರೇಡಿಯೊದ ದನಿಯಾಗಿದ್ದರು. 1946ರಲ್ಲಿ ಪ್ರಸಾರ ನಡೆಯುತ್ತಿದ್ದಾಗಲೇ ಸಿಕ್ಕಿಬಿದ್ದು ಜೈಲಿಗೆ ಹೋದರು. 1947ರಲ್ಲಿ ತಪ್ಪಿಸಿಕೊಂಡರು. ಆ ಪಾರಾಗುವಿಕೆಗೆ ನೆರವಾದವರಲ್ಲಿ ಅಬು ಘೋಷ್ ಊರಿನ ಅರಬರೂ ಇದ್ದರು. ಮುಂದೆ ಅವರು ನಡೆಸಿದ ರಾಜಕೀಯ ನೋಡಿದವರಿಗೆ ಈ ಸಂಗತಿ ಆಶ್ಚರ್ಯ ತರಬಹುದು, ಆದರೆ ಆ ಕಾಲದ ಪ್ಯಾಲೆಸ್ತೀನಿನಲ್ಲಿ ಸಂಬಂಧಗಳು ನಾವು ಈಗ ಊಹಿಸಿಕೊಳ್ಳುವುದಕ್ಕಿಂತ ಜಾಸ್ತಿ ಹೆಣೆದುಕೊಂಡಿದ್ದವು.

ಎರಡು ಹೆಸರು ನೆನಪಿಟ್ಟುಕೊಳ್ಳಿ. ಇರ್ಗುನ್ ಮುಖ್ಯಸ್ಥರಾದವರು ಮೆನಾಖೆಮ್ ಬೆಗಿನ್. ಲೆಹಿಯನ್ನು ನಡೆಸಿದ ಮೂವರಲ್ಲಿ ಒಬ್ಬರು ಯಿತ್ಜಾಕ್ ಶಮೀರ್. ಇಬ್ಬರೂ ಮುಂದೆ ಇಸ್ರೇಲಿನ ಪ್ರಧಾನಿಗಳಾದರು. ಇಬ್ಬರ ವಿರುದ್ಧವೂ ಕೋಹೆನ್ ತಿರುಗಿ ನಿಂತರು. ಅವರ ಇಡೀ ರಾಜಕೀಯ ಜೀವನ ಈ ಎರಡು ಜಗಳಗಳ ನಡುವೆ ನಡೆದದ್ದು.

ಸ್ವಾತಂತ್ರ್ಯ ಬಂದ ಮೇಲೆ ಅವರು ಬಹಳ ವರ್ಷ ಪತ್ರಿಕೆಯಲ್ಲಿದ್ದರು. 1961ರಿಂದ 1973ರವರೆಗೆ ಮಾರಿವ್ ದಿನಪತ್ರಿಕೆಗೆ ಬರೆದರು. 1972ರಲ್ಲಿ ಬೆಗಿನ್ ಅವರ ಹೆರುತ್ ಪಕ್ಷ ಸೇರಿದರು. ಮರುವರ್ಷ ಹೆರುತ್ ಮತ್ತಿತರ ಪಕ್ಷಗಳು ಕೂಡಿ ಲಿಕುಡ್ ಆಯಿತು, ಕೋಹೆನ್ ಆ ಪಟ್ಟಿಯಿಂದ ಕ್ನೆಸೆಟ್, ಅಂದರೆ ಸಂಸತ್ತು, ಪ್ರವೇಶಿಸಿದರು. 1977ರಲ್ಲಿ ಲಿಕುಡ್ 43 ಸೀಟು ಗೆದ್ದು ಬೆಗಿನ್ ಪ್ರಧಾನಿಯಾದರು. ಲೇಬರ್ ಪಕ್ಷ ದೇಶ ಹುಟ್ಟಿದಾಗಿನಿಂದ ಬಿಡದೆ ಆಳುತ್ತಿತ್ತು, ಅದು ಮೊದಲ ಬಾರಿ ಅಧಿಕಾರ ಕಳೆದುಕೊಂಡಿತು. ಕೋಹೆನ್ ಅವರಂಥವರ ಪಾಲಿಗೆ ಮೂವತ್ತು ವರ್ಷದ ಕಾಯುವಿಕೆ ಮುಗಿದ ದಿನ ಅದು.

ಆ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. 1977ರ ನವೆಂಬರ್‌ನಲ್ಲಿ ಈಜಿಪ್ಟ್ ಅಧ್ಯಕ್ಷ ಸಾದತ್ ಜೆರುಸಲೇಮಿಗೆ ಬಂದರು. 1978ರ ಸೆಪ್ಟೆಂಬರ್‌ನಲ್ಲಿ ಕ್ಯಾಂಪ್ ಡೇವಿಡ್ ಒಪ್ಪಂದ ಆಯಿತು. 1967ರ ಯುದ್ಧದಲ್ಲಿ ಇಸ್ರೇಲ್ ಗೆದ್ದುಕೊಂಡಿದ್ದ ಸಿನಾಯ್ ಪೂರ್ತಿ ಈಜಿಪ್ಟಿಗೆ ವಾಪಸ್, ಅಲ್ಲಿದ್ದ ಯಹೂದಿ ವಸತಿಗಳು ಖಾಲಿ, ಅದೇ ಯುದ್ಧದಲ್ಲಿ ಗೆದ್ದ ವೆಸ್ಟ್ ಬ್ಯಾಂಕ್ ಮತ್ತು ಗಾಜಾದ ಪ್ಯಾಲೆಸ್ತೀನಿಯರಿಗೆ ಸ್ವಯಮಾಡಳಿತದ ಮಾತುಕತೆ. ಬೆಗಿನ್ ಒಪ್ಪಂದವನ್ನು ಸದನದ ಮುಂದಿಟ್ಟು ಮಾತಾಡುತ್ತಿದ್ದಾಗ ಕೋಹೆನ್ ಬಿಡದೆ ಅಡ್ಡಿಪಡಿಸಿದರು. ಕೊನೆಗೆ ಅವರನ್ನು ಹೊರಗೆ ಕಳುಹಿಸಬೇಕಾಯಿತು. ಮತಕ್ಕೆ ಹಾಕಿದಾಗ ಪರ 84, ವಿರುದ್ಧ 19, ತಟಸ್ಥ 17. ಬೆಗಿನ್ ಗೆದ್ದದ್ದು ವಿರೋಧ ಪಕ್ಷವಾದ ಲೇಬರ್ ಮತಗಳ ಬಲದಿಂದ. ತಟಸ್ಥರಾಗಿ ಉಳಿದವರಲ್ಲಿ ಯಿತ್ಜಾಕ್ ಶಮೀರ್ ಕೂಡ ಇದ್ದರು. ಅಂದರೆ ಕೋಹೆನ್ ಹೇಳುತ್ತಿದ್ದದ್ದನ್ನು ಲಿಕುಡ್ ಒಳಗೆ ಎಷ್ಟೋ ಜನ ಮನಸ್ಸಿನಲ್ಲೇ ಒಪ್ಪುತ್ತಿದ್ದರು. ಈ ಅಂಶವನ್ನು ಹಿಡಿದುಕೊಳ್ಳಿ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

1979ರಲ್ಲಿ ಕೋಹೆನ್ ಮತ್ತು ಮೋಶೆ ಶಮೀರ್ ಲಿಕುಡ್ ಬಿಟ್ಟರು. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾನೂನು ಇದೆ, ಪಕ್ಷ ಬಿಟ್ಟರೆ ಸದಸ್ಯತ್ವ ಹೋಗುತ್ತದೆ. ಆಗಿನ ಇಸ್ರೇಲಿನಲ್ಲಿ ಅಂಥ ಅಡ್ಡಿ ಇರಲಿಲ್ಲ. ಸೀಟು ಉಳಿಸಿಕೊಂಡೇ ಹೊಸ ಪಕ್ಷ ಕಟ್ಟಬಹುದಿತ್ತು. ಇನ್ನೊಂದು ವ್ಯತ್ಯಾಸವೂ ಮುಖ್ಯ. ಅಲ್ಲಿ ಕ್ಷೇತ್ರಗಳೇ ಇಲ್ಲ. ಇಡೀ ದೇಶ ಒಂದೇ ಕ್ಷೇತ್ರ, ಮತ ಹಾಕುವುದು ಪಕ್ಷದ ಪಟ್ಟಿಗೆ, ಬಿದ್ದ ಮತದ ಪ್ರಮಾಣದಲ್ಲಿ ಸೀಟು. ಆಗ ದೇಶದಲ್ಲಿ ಒಟ್ಟು ಶೇಕಡಾ 1ರಷ್ಟು ಮತ ಬಂದರೂ ಸದನಕ್ಕೆ ಬರಬಹುದಿತ್ತು. ಊರೂರಿನಲ್ಲಿ ಚದುರಿ ಹೋದ ಬೆಂಬಲಿಗರೂ ಲೆಕ್ಕಕ್ಕೆ ಬರುತ್ತಾರೆ. ಸಣ್ಣ ಪಕ್ಷಗಳು ಅಲ್ಲಿ ಇಷ್ಟು ಹುಟ್ಟುವುದಕ್ಕೆ ಇದೇ ಮೂಲ ಕಾರಣ.

ಹೊಸ ಪಕ್ಷದ ಮುಂದಾಳು ಯುವಾಲ್ ನೆಮಾನ್. ಇವರು ಜಗತ್ತಿನ ಮಟ್ಟದ ಭೌತವಿಜ್ಞಾನಿ. ಮೂಲಕಣಗಳ ವರ್ಗೀಕರಣವನ್ನು 1961ರಲ್ಲಿ ಮರ್ರೆ ಗೆಲ್‌ಮನ್ ಕಂಡುಕೊಂಡ ಹೊತ್ತಿನಲ್ಲೇ ಸ್ವತಂತ್ರವಾಗಿ ಕಂಡುಕೊಂಡವರು. ಜೊತೆಗೆ ವೆಸ್ಟ್ ಬ್ಯಾಂಕಿನಲ್ಲಿ ವಸತಿ ಕಟ್ಟುತ್ತಿದ್ದ ಧಾರ್ಮಿಕ ಚಳವಳಿಯ ಹನಾನ್ ಪೊರಾತ್. ಮೋಶೆ ಶಮೀರ್ ಅಂತೂ ಹಿಂದೆ ಎಡಪಂಥದಲ್ಲಿದ್ದವರು. ದೇವರನ್ನು ನಂಬುವವರು, ನಂಬದವರು, ವಿಜ್ಞಾನಿ, ಬರಹಗಾರ, ಭೂಗತ ಹೋರಾಟಗಾರ್ತಿ ಎಲ್ಲ ಒಂದೇ ಮಾತಿಗೆ ಕೂಡಿದ್ದರು: 1967ರಲ್ಲಿ ಗೆದ್ದ ನೆಲದಲ್ಲಿ ಒಂದಂಗುಲವನ್ನೂ ಬಿಡಕೂಡದು. ಆ ನೆಲದಲ್ಲಿ ಬದುಕುತ್ತಿದ್ದ ಲಕ್ಷಾಂತರ ಪ್ಯಾಲೆಸ್ತೀನಿಯರ ಹಕ್ಕಿನ ಪ್ರಶ್ನೆಗೆ ಈ ಪಕ್ಷದ ಬಳಿ ನ್ಯಾಯವಾದ ಉತ್ತರ ಇರಲಿಲ್ಲ. ಅದು ನನ್ನ ಖಚಿತ ಅಭಿಪ್ರಾಯ, ಮುಚ್ಚಿಡುವುದಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. 1980ರಲ್ಲಿ ಕೋಹೆನ್ ಒಂದು ಖಾಸಗಿ ಮಸೂದೆ ತಂದರು. ಒಂದುಗೂಡಿದ, ಅಖಂಡ ಜೆರುಸಲೇಂ ಇಸ್ರೇಲಿನ ರಾಜಧಾನಿ ಎಂಬುದು ಅದರ ಸಾರ. ಇಂಥ ಮಸೂದೆ ಮುಂದೆ ಬಂದರೆ ಬೆಗಿನ್ ಏನು ಮಾಡಬಹುದಿತ್ತು? ಬೇಡ ಎನ್ನಬೇಕು ಎಂದುಕೊಳ್ಳಿ. ಜೀವನವಿಡೀ ಜೆರುಸಲೇಂ ಬಗ್ಗೆ ಭಾಷಣ ಮಾಡಿದ ಮನುಷ್ಯ ಜೆರುಸಲೇಂ ವಿರುದ್ಧ ಕೈ ಎತ್ತಿದರು ಎಂದಾಗುತ್ತದೆ. ಅವರದೇ ಪಕ್ಷದ ಅರ್ಧ ಜನ ಕ್ಯಾಂಪ್ ಡೇವಿಡ್‌ನಿಂದ ಆಗಲೇ ಮುನಿಸಿಕೊಂಡಿದ್ದರು. ಲೇಬರ್ ಪಕ್ಷದ ಪಾಡೂ ಅದೇ. 1967ರ ಯುದ್ಧದಲ್ಲಿ ಗೆದ್ದ ಪೂರ್ವ ಜೆರುಸಲೇಮಿಗೆ ಆ ವರ್ಷವೇ ಇಸ್ರೇಲಿ ಕಾನೂನನ್ನು ವಿಸ್ತರಿಸಿದ್ದೇ ಲೇಬರ್ ಸರ್ಕಾರ. ಮರುವರ್ಷ ಚುನಾವಣೆ ಬೇರೆ. ಯಾರಿಗೂ ಈ ಮಸೂದೆ ಬೇಕಾಗಿರಲಿಲ್ಲ, ಯಾರಿಗೂ ಬೇಡ ಎನ್ನುವ ಧೈರ್ಯವೂ ಇರಲಿಲ್ಲ. 1980ರ ಜುಲೈ 30ರಂದು ಅದು ಮೂಲಭೂತ ಕಾನೂನಾಗಿ ಪಾಸಾಯಿತು. ಇಸ್ರೇಲಿಗೆ ಒಂದೇ ಲಿಖಿತ ಸಂವಿಧಾನ ಇಲ್ಲ, ಮೂಲಭೂತ ಕಾನೂನುಗಳೇ ಅಲ್ಲಿ ಸಂವಿಧಾನದ ಜಾಗದಲ್ಲಿವೆ.

ನೋಡಿ, ಇಲ್ಲಿ ಕೆಲಸ ಮಾಡಿದ್ದು ಸೀಟಿನ ಬಲವಲ್ಲ. ದೊಡ್ಡ ಪಕ್ಷ ಬಾಯಲ್ಲಿ ಹೇಳುತ್ತಿದ್ದ ಮಾತನ್ನೇ ಸಣ್ಣ ಪಕ್ಷ ಮಸೂದೆಯಾಗಿ ಮೇಜಿನ ಮೇಲಿಟ್ಟಿತು. ಈಗ ಸಹಿ ಹಾಕಿ ಎಂದಿತು. ಇದಕ್ಕೆ ಇಬ್ಬರು ಸಾಕು. ನಿಜ ಹೇಳಬೇಕೆಂದರೆ ಒಬ್ಬರಾದರೂ ಸಾಕಿತ್ತು.

ಆದರೆ ಅವರು ಬಯಸಿದ್ದೆಲ್ಲ ಸಿಗಲಿಲ್ಲ. ಮೂಲ ಮಸೂದೆಯಲ್ಲಿ 1967ರ ಯುದ್ಧದ ನಂತರದ ಗಡಿಯೊಳಗಿನ ಜೆರುಸಲೇಂ ಎಂಬ ಮಾತಿತ್ತು. ಮೊದಲ ವಾಚನದ ನಂತರ ಆ ಭಾಗವನ್ನು ತೆಗೆದುಹಾಕಿದರು. ಸಾರ್ವಭೌಮತ್ವ ಎಂಬ ಪದವೂ ಕಾನೂನಿನಲ್ಲಿ ಬರಲಿಲ್ಲ. ಅಂದರೆ ಬೆಗಿನ್ ಪೂರ್ತಿ ಮಣಿಯಲಿಲ್ಲ, ಹಲ್ಲು ಕಿತ್ತು ಒಪ್ಪಿಕೊಂಡರು. ನೆಲದ ಮೇಲೆ ಈ ಕಾನೂನಿನಿಂದ ಏನು ಬದಲಾಯಿತು ಎಂದು ಕೇಳಿದರೆ, ತುಂಬ ಕಡಿಮೆ. ಇಸ್ರೇಲಿ ಆಡಳಿತ 13 ವರ್ಷದಿಂದ ಅಲ್ಲಿ ಇದ್ದೇ ಇತ್ತು.

ಬೆಲೆ ಮಾತ್ರ ಜಾಸ್ತಿಯೇ ಆಯಿತು. ಆಗಸ್ಟ್ 20ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 478ನೇ ನಿರ್ಣಯ ಮಾಡಿತು. 14 ದೇಶ ಪರ, ಅಮೆರಿಕ ತಟಸ್ಥ. ಅಮೆರಿಕ ವೀಟೊ ಹಾಕಲಿಲ್ಲ ಎಂಬುದೇ ದೊಡ್ಡ ಸುದ್ದಿ. ಈ ಕಾನೂನಿಗೆ ಬೆಲೆಯಿಲ್ಲ, ಜೆರುಸಲೇಮಿನಲ್ಲಿ ರಾಯಭಾರ ಕಚೇರಿ ಇಟ್ಟ ದೇಶಗಳು ಅದನ್ನು ತೆಗೆಯಬೇಕು ಎಂದು ನಿರ್ಣಯ ಹೇಳಿತು. ನೆದರ್ಲೆಂಡ್ಸ್, ಚಿಲಿ, ಬೊಲಿವಿಯಾ ಮುಂತಾದ ದೇಶಗಳು ಊರು ಬಿಟ್ಟವು. ಈಜಿಪ್ಟ್ ಜೊತೆ ನಡೆಯುತ್ತಿದ್ದ ಸ್ವಯಮಾಡಳಿತದ ಮಾತುಕತೆಯೂ ನಿಂತಿತು. ಕೋಹೆನ್ ಅವರಿಗೆ ಈ ಕೊನೆಯದು ನಷ್ಟವಾಗಿ ಕಂಡಿರಲಾರದು. ಆ ಮಾತುಕತೆ ನಿಲ್ಲಬೇಕು ಎಂದೇ ಅವರು ಪಕ್ಷ ಕಟ್ಟಿದ್ದು. ರಾಜಧಾನಿಯನ್ನು ಜಗತ್ತು ಒಪ್ಪಲಿ ಎಂದು ಮಾಡಿದ ಕಾನೂನಿನಿಂದ ಇದ್ದ ಕಚೇರಿಗಳೂ ಹೋದವು ಎಂಬುದನ್ನು ಮಾತ್ರ ಅವರ ಅಭಿಮಾನಿಗಳು ಅಪರೂಪಕ್ಕೆ ಹೇಳುತ್ತಾರೆ. ಅಮೆರಿಕ ತನ್ನ ರಾಯಭಾರ ಕಚೇರಿಯನ್ನು ಜೆರುಸಲೇಮಿಗೆ ತಂದದ್ದು 2018ರ ಮೇ ತಿಂಗಳಲ್ಲಿ. ಆಗ ಕೋಹೆನ್ ಅವರಿಗೆ 92 ವರ್ಷ.

1981ರ ಚುನಾವಣೆಯಲ್ಲಿ ನೆಮಾನ್, ಕೋಹೆನ್, ಪೊರಾತ್ ಮೂವರು ಗೆದ್ದರು. ಆ ಡಿಸೆಂಬರ್‌ನಲ್ಲಿ ಗೋಲಾನ್ ಕಾನೂನು ಬಂತು. ಸಿರಿಯಾದಿಂದ ಗೆದ್ದ ಗೋಲಾನ್ ಎತ್ತರಪ್ರದೇಶಕ್ಕೆ ಇಸ್ರೇಲಿ ಕಾನೂನನ್ನು ವಿಸ್ತರಿಸಿದ ಅದನ್ನು ತಂದದ್ದು ಬೆಗಿನ್ ಸರ್ಕಾರವೇ, ಒಂದೇ ದಿನದಲ್ಲಿ ಮೂರೂ ವಾಚನ ಮುಗಿಸಿ. ತೆಹಿಯಾ ಇದಕ್ಕಾಗಿ ಮೊದಲಿನಿಂದ ಒತ್ತಾಯಿಸುತ್ತಿತ್ತು. ಬಲಗಡೆಯಿಂದ ಯಾರೋ ಸದಾ ಭುಜ ತಟ್ಟುತ್ತಿದ್ದರೆ ಪ್ರಧಾನಿಯ ನಡಿಗೆ ಆ ಕಡೆ ವಾಲುತ್ತದೆ, ಅಲ್ವಾ?

ಆದರೂ ಸಿನಾಯ್ ವಿಷಯದಲ್ಲಿ ಬೆಗಿನ್ ಕೊಟ್ಟ ಮಾತಿನಿಂದ ಹಿಂದೆ ಸರಿಯಲಿಲ್ಲ. 1982ರ ಏಪ್ರಿಲ್‌ನಲ್ಲಿ ಸಿನಾಯ್‌ನ ಯಾಮಿತ್ ಎಂಬ ಯಹೂದಿ ಊರನ್ನು ಸೈನ್ಯ ಖಾಲಿ ಮಾಡಿಸಿ ಕೆಡವಿತು. ತೆಹಿಯಾದವರು ಅಲ್ಲಿ ಹೋಗಿ ಕೂತರು. ಕೋಹೆನ್ ಅವರ ಮಗ ತ್ಸಾಖಿ ಹನೆಗ್ಬಿ ಆಗ ವಿದ್ಯಾರ್ಥಿ ಮುಖಂಡ, ಊರಿನ ಯುದ್ಧ ಸ್ಮಾರಕದ ಗೋಪುರ ಹತ್ತಿ ಕೂತವರ ಮುಂದಾಳು. ಇಷ್ಟಾಗಿ ಸುಮಾರು ಮೂರು ತಿಂಗಳಲ್ಲೇ, ಲೆಬನಾನ್ ಯುದ್ಧ ನಡೆಯುತ್ತಿದ್ದಾಗ, ತೆಹಿಯಾ ಅದೇ ಬೆಗಿನ್ ಸರ್ಕಾರ ಸೇರಿತು. ನೆಮಾನ್ ವಿಜ್ಞಾನ ಸಚಿವರಾದರು. ಇದನ್ನು ಅವಕಾಶವಾದ ಎಂದು ಕರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಿನಾಯ್ ಕೈ ಬಿಟ್ಟಾಗಿತ್ತು, ವೆಸ್ಟ್ ಬ್ಯಾಂಕ್ ಉಳಿದಿತ್ತು. ಅಲ್ಲಿ ವಸತಿ ಕಟ್ಟಲು ಹಣ, ರಸ್ತೆ, ಪರವಾನಗಿ ಬೇಕಿತ್ತು. ಅದೆಲ್ಲ ಸಿಗುವುದು ಸರ್ಕಾರದ ಒಳಗಿದ್ದರೆ ಮಾತ್ರ.

1984ರಲ್ಲಿ ತೆಹಿಯಾಕ್ಕೆ 5 ಸೀಟು ಬಂತು. ಲೇಬರ್, ಲಿಕುಡ್ ಬಿಟ್ಟರೆ ಸದನದಲ್ಲಿ ಅದೇ ದೊಡ್ಡದು. ಮಾಜಿ ಸೇನಾ ಮುಖ್ಯಸ್ಥ ರಫಾಯೆಲ್ ಐತಾನ್ ಅವರ ತ್ಸೊಮೆತ್ ಗುಂಪು ಆ ಪಟ್ಟಿಯಲ್ಲಿ ಜೊತೆಗಿತ್ತು. ಪಕ್ಷದ ಶಿಖರ ಅದು, ಬಿರುಕು ಶುರುವಾದದ್ದೂ ಅಲ್ಲಿಂದಲೇ. 1987ರಲ್ಲಿ ಐತಾನ್ ಬೇರೆಯಾದರು. ಪೊರಾತ್ ಮುಂದೆ ರಾಷ್ಟ್ರೀಯ ಧಾರ್ಮಿಕ ಪಕ್ಷಕ್ಕೆ ಹೋದರು. 1988ರಲ್ಲಿ ಇನ್ನೊಬ್ಬ ಮಾಜಿ ಜನರಲ್, ರೆಖಾವಾಮ್ ಜೆಯೆವಿ, ಅರಬರನ್ನು ಹೊರಗೆ ಸಾಗಿಸಬೇಕು ಎಂಬ ಘೋಷಣೆಯೊಂದಿಗೆ ಮೊಲೆದೆತ್ ಪಕ್ಷ ಕಟ್ಟಿದರು. ಆ ವರ್ಷ ತೆಹಿಯಾಕ್ಕೆ 3, ತ್ಸೊಮೆತ್‌ಗೆ 2, ಮೊಲೆದೆತ್‌ಗೆ 2 ಸೀಟು.

ಯಾಕೆ ಒಡೆಯುತ್ತವೆ ಎಂದು ಕೇಳಿದ್ದೀರಿ. ಕಾರಣ ನೆಲದ ಪ್ರಶ್ನೆಯಲ್ಲಿ ಇಲ್ಲ, ನೆಲದ ಬಗ್ಗೆ ಮೂವರೂ ಹೆಚ್ಚುಕಡಿಮೆ ಒಂದೇ ಮಾತಾಡುತ್ತಿದ್ದರು. ಉಳಿದ ವಿಷಯಗಳಲ್ಲಿ ಬೇರೆಯಾಗಿದ್ದರು. ಐತಾನ್ ಧರ್ಮದ ಗೊಡವೆ ಬೇಡ ಎನ್ನುವ ಕೃಷಿಕ, ಕಟ್ಟಾ ಸಂಪ್ರದಾಯಸ್ಥ ಯಹೂದಿ ಹುಡುಗರಿಗೆ ಸೈನ್ಯದಿಂದ ಸಿಗುವ ವಿನಾಯಿತಿಯನ್ನು ವಿರೋಧಿಸಿದವರು. ಪೊರಾತ್‌ಗೆ ಧರ್ಮವೇ ಎಲ್ಲ. ಒಂದೇ ವಿಷಯದ ಮೇಲೆ ಕಟ್ಟಿದ ಪಕ್ಷಕ್ಕೆ ಎರಡನೇ ವಿಷಯ ಬಂದ ದಿನವೇ ಕಷ್ಟ ಶುರು. ಮೇಲಾಗಿ ಬೇರೆಯಾದರೂ ಶೇಕಡಾ 1 ಮತ ಸಿಕ್ಕೇ ಸಿಗುತ್ತದೆ ಎಂಬ ಧೈರ್ಯ ಇದ್ದರೆ ರಾಜಿಯಾಗಬೇಕಾದ ಅಗತ್ಯ ಯಾರಿಗಿದೆ?

1990ರ ಜೂನ್‌ನಲ್ಲಿ ಯಿತ್ಜಾಕ್ ಶಮೀರ್ ಲೇಬರ್ ಪಕ್ಷವಿಲ್ಲದೆ, ಬಲಪಂಥೀಯ ಮತ್ತು ಧಾರ್ಮಿಕ ಪಕ್ಷಗಳನ್ನು ಕಟ್ಟಿಕೊಂಡು ಸರ್ಕಾರ ಮಾಡಿದರು. ತೆಹಿಯಾ, ತ್ಸೊಮೆತ್ ಒಳಗೆ ಬಂದವು, ಮುಂದೆ ಮೊಲೆದೆತ್ ಕೂಡ. ಕೋಹೆನ್ ಉಪಸಚಿವೆಯಾದರು. ಹಳೆಯ ಲೆಹಿಯ ನಾಯಕ ಪ್ರಧಾನಿ, ಅದರ ರೇಡಿಯೊ ದನಿ ಅವರ ಸರ್ಕಾರದಲ್ಲಿ. ಇದಕ್ಕಿಂತ ಅನುಕೂಲದ ಸರ್ಕಾರ ತೆಹಿಯಾಕ್ಕೆ ಹಿಂದೆಯೂ ಸಿಕ್ಕಿರಲಿಲ್ಲ.

ಆಮೇಲೆ ಬಂತು ಮ್ಯಾಡ್ರಿಡ್. ಕೊಲ್ಲಿ ಯುದ್ಧ ಮುಗಿದ ಮೇಲೆ ಅಮೆರಿಕ ಒತ್ತಡ ಹಾಕಿ 1991ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿ ಶಾಂತಿ ಸಮ್ಮೇಳನ ನಡೆಸಿತು. ಶಮೀರ್‌ಗೆ ಮನಸ್ಸಿರಲಿಲ್ಲ, ಹೋಗದೆ ಗತಿಯಿರಲಿಲ್ಲ. ಸೋವಿಯತ್ ಒಕ್ಕೂಟದಿಂದ ಲಕ್ಷಗಟ್ಟಲೆ ಯಹೂದಿಗಳು ಬಂದಿಳಿಯುತ್ತಿದ್ದರು. ಅವರಿಗೆ ಮನೆ, ಕೆಲಸ ಕೊಡಲು 1,000 ಕೋಟಿ ಡಾಲರ್ ಸಾಲಕ್ಕೆ ಅಮೆರಿಕದ ಖಾತರಿ ಬೇಕಿತ್ತು. ಮಾತುಕತೆಯಲ್ಲಿ ಪ್ಯಾಲೆಸ್ತೀನಿಯರ ಸ್ವಯಮಾಡಳಿತದ ವಿಷಯ ಬಂದಾಗ ತೆಹಿಯಾ ಮತ್ತು ಮೊಲೆದೆತ್ 1992ರ ಜನವರಿಯಲ್ಲಿ ಸರ್ಕಾರದಿಂದ ಹೊರಬಂದವು. ಬಹುಮತ ಹೋಯಿತು. ಜೂನ್ 23ಕ್ಕೆ ಚುನಾವಣೆ ಗೊತ್ತಾಯಿತು.

ನನ್ನ ಪ್ರಕಾರ ಕೋಹೆನ್ ರಾಜಕೀಯದ ದೊಡ್ಡ ತಪ್ಪು ಇದೇ. 1980ರಲ್ಲಿ ಅವರು ಬೆಗಿನ್ ಮುಂದೆ ಮಸೂದೆ ಇಟ್ಟರೇ ಹೊರತು ಸರ್ಕಾರ ಉರುಳಿಸಲಿಲ್ಲ, ಉರುಳಿಸುವ ಶಕ್ತಿಯೂ ಇರಲಿಲ್ಲ. ಬೆಗಿನ್‌ರನ್ನು ನಾಚಿಸುವ ಶಕ್ತಿ ಇತ್ತು, ಅದು ಫಲ ಕೊಟ್ಟಿತು. 1992ರಲ್ಲಿ ಉರುಳಿಸುವ ಶಕ್ತಿ ಬಂತು, ಬಳಸಿದರು. ಆದರೆ ಬಲಪಂಥದ ಮತದಾರನ ಕಣ್ಣಿಗೆ ಕಂಡದ್ದೇನು? ತನ್ನದೇ ಸರ್ಕಾರವನ್ನು ತನ್ನವರೇ ಬೀಳಿಸಿದರು. ಶಮೀರ್‌ಗಿಂತ ಗಟ್ಟಿಯಾಗಿ ನೆಲ ಹಿಡಿದುಕೊಳ್ಳುವ ಪ್ರಧಾನಿ ಯಾರು ಸಿಗುತ್ತಾರೆ ಎಂಬ ಪ್ರಶ್ನೆಗೆ ತೆಹಿಯಾ ಬಳಿ ಉತ್ತರವಿರಲಿಲ್ಲ.

ಅಷ್ಟರಲ್ಲಿ ಲೆಕ್ಕವೂ ಬದಲಾಗಿತ್ತು. ಕನಿಷ್ಠ ಮತದ ಮಿತಿಯನ್ನು ಶೇಕಡಾ 1ರಿಂದ 1.5ಕ್ಕೆ ಏರಿಸಿದ್ದರು. ತೆಹಿಯಾಕ್ಕೆ ಬಿದ್ದದ್ದು ಸುಮಾರು 32 ಸಾವಿರ ಮತ, ಶೇಕಡಾ 1.2. ಹಳೆಯ ನಿಯಮ ಇದ್ದಿದ್ದರೆ ಸದನಕ್ಕೆ ಬರುತ್ತಿದ್ದರು. ಹೊಸ ನಿಯಮದಲ್ಲಿ ಅಷ್ಟೂ ಮತ ನೀರುಪಾಲು. ಅವರ ಹಳೆಯ ಮತದಾರರಲ್ಲಿ ಹಲವರು ಪ್ರಾಮಾಣಿಕ ರಾಜಕೀಯದ ಮಾತಾಡುತ್ತಿದ್ದ ಐತಾನ್ ಕಡೆ ಹೋಗಿದ್ದರು. ತ್ಸೊಮೆತ್ 2ರಿಂದ 8 ಸೀಟಿಗೆ ಜಿಗಿಯಿತು.

ಒಟ್ಟು ಫಲಿತಾಂಶ ನೋಡಿ. ಲೇಬರ್ 44, ಎಡಪಂಥೀಯ ಮೆರೆತ್ಸ್ 12, ಹೊರಗಿನಿಂದ ಬೆಂಬಲ ಕೊಟ್ಟ ಅರಬ್ ಮತದಾರರ ಪಕ್ಷಗಳು 5, ಒಟ್ಟು 61. ಆ ಕಡೆ ಲಿಕುಡ್ 32 ಮತ್ತು ಉಳಿದವರೆಲ್ಲ ಸೇರಿ 59. ತೆಹಿಯಾ ಗೆರೆ ದಾಟಿದ್ದರೆ 60-60 ಆಗುವ ಸಾಧ್ಯತೆ ಇತ್ತು. ಲೇಬರ್ ನಾಯಕ ರಾಬಿನ್ ಪ್ರಧಾನಿಯಾದರು. 1993ರ ಸೆಪ್ಟೆಂಬರ್‌ನಲ್ಲಿ ಪ್ಯಾಲೆಸ್ತೀನಿಯರಿಗೆ ಸ್ವಯಮಾಡಳಿತ ಕೊಡುವ ಓಸ್ಲೊ ಒಪ್ಪಂದ ಆಯಿತು. ಕ್ಯಾಂಪ್ ಡೇವಿಡ್ ತಡೆಯಲು ಹುಟ್ಟಿದ ಪಕ್ಷ ಓಸ್ಲೊಗೆ ಬಾಗಿಲು ತೆರೆಯಲು ನೆರವಾಯಿತು ಎಂದರೆ ಕಠೋರವಾಗಿ ಕೇಳಿಸಬಹುದು. ಆದರೆ ಅಂಕಿಗಳು ಹೇಳುವುದು ಅದನ್ನೇ.

ತ್ಸೊಮೆತ್ ಕಥೆ ಇನ್ನೂ ವಿಚಿತ್ರ. 8 ಸೀಟು ಬಂತು, ಆದರೆ ಐತಾನ್ ಒಬ್ಬರ ಹೆಸರಿನ ಮೇಲೆ ಗೆದ್ದ, ರಾಜಕೀಯ ಗೊತ್ತಿಲ್ಲದ ಹೊಸಬರೇ ಜಾಸ್ತಿ. 1994ರಲ್ಲಿ ಮೂವರು ಒಡೆದು ಹೋದರು. ಅವರಲ್ಲಿ ಗೊನೆನ್ ಸೆಗೆವ್ ರಾಬಿನ್ ಸರ್ಕಾರದಲ್ಲಿ ಸಚಿವರಾದರು, ಅಲೆಕ್ಸ್ ಗೋಲ್ಡ್‌ಫಾರ್ಬ್ ಉಪಸಚಿವರಾದರು. 1995ರ ಅಕ್ಟೋಬರ್‌ನಲ್ಲಿ ಓಸ್ಲೊದ ಎರಡನೇ ಒಪ್ಪಂದ 61-59ರಲ್ಲಿ ಪಾಸಾಯಿತು. ಆ 61ರಲ್ಲಿ ಇವರಿಬ್ಬರೂ ಇದ್ದರು. ಒಂದಂಗುಲವನ್ನೂ ಬಿಡೆವು ಎಂದು ಮತ ಕೇಳಿದ ಪಟ್ಟಿಯಿಂದ ಬಂದವರ ಮತದಿಂದ ಒಪ್ಪಂದ ಉಳಿಯಿತು. ಸಣ್ಣ ಪಕ್ಷಕ್ಕೆ ಸೀಟು ಜಾಸ್ತಿ ಬಂದರೆ ಪ್ರಭಾವವೂ ಜಾಸ್ತಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ಈ ಮತದಾನವನ್ನು ತೋರಿಸಿ.

ಕೋಹೆನ್ 1992ರ ನಂತರ ಲಿಕುಡ್‌ಗೆ ಮರಳಿದರು, ಮತ್ತೆ ಸದನಕ್ಕೆ ಬರಲಿಲ್ಲ. 2003ರಲ್ಲಿ ದೇಶದ ಅತ್ಯುನ್ನತ ಗೌರವವಾದ ಇಸ್ರೇಲ್ ಪ್ರಶಸ್ತಿ ಬಂತು. ಮಗ ಹನೆಗ್ಬಿ ಲಿಕುಡ್‌ನಲ್ಲಿ ಬೆಳೆದು ಸಚಿವರಾದರು. ಗಾಜಾದಿಂದ ವಸತಿಗಳನ್ನು ತೆರವು ಮಾಡಿಸಿದ ಪ್ರಧಾನಿ ಶರೋನ್ 2005ರ ಕೊನೆಯಲ್ಲಿ ಲಿಕುಡ್ ಬಿಟ್ಟು ಕದಿಮಾ ಪಕ್ಷ ಕಟ್ಟಿದಾಗ, ಯಾಮಿತ್ ಗೋಪುರ ಹತ್ತಿದ್ದ ಈ ಮಗ ಅವರ ಜೊತೆ ಹೋದರು. ಮುಂದೆ ಲಿಕುಡ್‌ಗೆ ವಾಪಸಾದರು. ತಾಯಿ ತೀರಿಕೊಂಡದ್ದು 2019ರ ಡಿಸೆಂಬರ್ 18ರಂದು.

ಕೊನೆಯದಾಗಿ, ಒಡೆಯುವುದು ಸೇರುವುದರ ತರ್ಕ. ಇದನ್ನು ಕನಿಷ್ಠ ಮತದ ಆ ಮಿತಿಯ ಜೊತೆ ಇಟ್ಟು ನೋಡಿ. 2006ರ ಚುನಾವಣೆಯಿಂದ ಅದು ಶೇಕಡಾ 2 ಆಯಿತು, 2015ರಿಂದ 3.25. ಲೆಹಿಯ ಇನ್ನೊಬ್ಬ ನಾಯಕ ಇಸ್ರಾಯೆಲ್ ಎಲ್ದಾದ್ ಅವರ ಮಗ ಅರ್ಯೆ ಎಲ್ದಾದ್, ಸುಟ್ಟಗಾಯ ಚಿಕಿತ್ಸೆಯಲ್ಲಿ ಹೆಸರಾದ ವೈದ್ಯರು, ಸುಮಾರು ಹತ್ತು ವರ್ಷ ಸಂಸದರಾಗಿದ್ದವರು. 2013ರಲ್ಲಿ ಬೇರೆ ಪಟ್ಟಿ ಮಾಡಿಕೊಂಡು ನಿಂತು ಶೇಕಡಾ 2ನ್ನು ಮುಟ್ಟದೆ ಸೋತರು. 2019ರ ಏಪ್ರಿಲ್‌ನಲ್ಲಿ ನಫ್ತಾಲಿ ಬೆನೆಟ್ ಅವರ ನ್ಯೂ ರೈಟ್ ಪಕ್ಷ ಶೇಕಡಾ 3.22 ಪಡೆದು, ಕೂದಲೆಳೆಯಲ್ಲಿ ಹೊರಗುಳಿಯಿತು.

ಈಗ ಒಡೆಯುವುದು ಚುನಾವಣೆಗೆ ಮುಂಚೆ ಅಪಾಯ, ಆಮೇಲೆ ಅಲ್ಲ. 1992ರ ಫಲಿತಾಂಶವನ್ನು ಲಿಕುಡ್‌ನ ನೆತನ್ಯಾಹು ಚೆನ್ನಾಗಿ ಅರಗಿಸಿಕೊಂಡಿದ್ದಾರೆ. ಅದಕ್ಕೇ ಹಲವು ಸಲ ನಾಮಪತ್ರದ ಕೊನೆಯ ದಿನಗಳಲ್ಲಿ ಅವರೇ ಮುಂದೆ ನಿಂತು, ತಮ್ಮ ಬಲಗಡೆಯ ಸಣ್ಣ ಪಕ್ಷಗಳನ್ನು ಒಂದು ಪಟ್ಟಿಗೆ ಸೇರಿಸಿದ್ದಾರೆ. 2022ರಲ್ಲಿ ಹಾಗೆ ಸೇರಿಸಿದ ರಿಲಿಜಿಯಸ್ ಜಿಯೋನಿಸಂ ಪಟ್ಟಿಗೆ 14 ಸೀಟು ಬಂತು. ಚುನಾವಣೆ ಮುಗಿದದ್ದೇ ಅದು ಸದನದಲ್ಲಿ ಮೂರಾಯಿತು: ಸ್ಮೊತ್ರಿಚ್ ಅವರ ಪಕ್ಷಕ್ಕೆ 7, ಬೆನ್‌ಗ್ವಿರ್ ಅವರ ಪಕ್ಷಕ್ಕೆ 6, ನೋಅಮ್ ಎಂಬ ಪಕ್ಷಕ್ಕೆ 1.